ಕುಷಾಯಿಗೂಡದ ಕ್ಯಾಪ್ಟನ್

ಕ್ಯಾಪ್ಟನ್ ತೀರಿಕೊಂಡ ದಿನ ನಾನು ಹೈದರಾಬಾದಿನ ಕುಷಾಯಿಗೂಡದ ಅವರ ಮನೆ ಮುಟ್ಟುವ ಹೊತ್ತಿಗೆ ಅಂಗಳದಲ್ಲಿ ಓಣಿಯ ಜನ ಸೇರಿದ್ದರು. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ ಹಿರಿಯರೊಬ್ಬರು ಪಕ್ಕದವರಿಗೆ, 'ಬ್ಯಾಂಕಿನಲ್ಲಿದ್ದರಂತೆ, ಬಹಳ ಮೆದು ಮನುಷ್ಯ' ಎಂದು ತೆಲುಗಿನಲ್ಲಿ ಹೇಳುತ್ತಿದ್ದರು. 'ಬ್ಯಾಂಕಲ್ಲ, ಇಲ್ಲೇ ಫ್ಯಾಕ್ಟರಿಯಲ್ಲಿ' ಎಂದು ಇನ್ನೊಬ್ಬರು ತಿದ್ದಿದರು. ಫ್ಯಾಕ್ಟರಿಯಲ್ಲಿದ್ದದ್ದು ಅವರ ತಂದೆ. ಇವರು ಪ್ರಾಯವನ್ನೆಲ್ಲ ನೀರಿನ ಮೇಲೆ ಕಳೆದವರು, ಎಣ್ಣೆ ತುಂಬಿದ ದೊಡ್ಡ ಹಡಗುಗಳನ್ನು ನಡೆಸಿದವರು ಎಂಬುದು ಆ ಓಣಿಯಲ್ಲಿ ಯಾರಿಗೂ ತಿಳಿದಿರಲಿಲ್ಲ. ನಾನು ತಿದ್ದಲು ಹೋಗಲಿಲ್ಲ. ತಿಳಿಯದಿರಲಿ ಎಂದೇ ಅವರು ಅಲ್ಲಿ ಬದುಕಿದ್ದರು. ಅವರ ಹೆಸರನ್ನು, ಹಡಗಿನ ಹೆಸರನ್ನು ನಾನೂ ಇಲ್ಲಿ ಬರೆಯುವುದಿಲ್ಲ.

ನನಗೆ ಅವರ ಪರಿಚಯವಾದದ್ದು ದಿಲ್‌ಸುಖ್‌ನಗರದಲ್ಲಿ. ಮೆಟ್ರೊ ಕಂಬಗಳ ಎದುರಿಗೆ, ಸೀರೆ ಅಂಗಡಿಯ ಮೇಲಿನ ಮೂರನೆಯ ಮಹಡಿಯಲ್ಲಿ, ಹಡಗಿನ ಕೆಲಸಕ್ಕೆ ಹೋಗುವ ಹುಡುಗರಿಗೆ ತರಬೇತಿ ಕೊಡುವ ಒಂದು ಸಣ್ಣ ಸಂಸ್ಥೆಯಿತ್ತು. ಎಡಕ್ಕೆ ಬ್ಯಾಂಕ್ ಪರೀಕ್ಷೆಯ ಕೋಚಿಂಗು, ಬಲಕ್ಕೆ ಪೊಲೀಸ್ ಕಾನ್‌ಸ್ಟೇಬಲ್ ಪರೀಕ್ಷೆಯದು, ನಡುವೆ ನಮ್ಮದು. ನಾನು ಹುಡುಗರಿಗೆ ವೈರ್‌ಲೆಸ್ಸಿನಲ್ಲಿ ಮಾತಾಡುವಷ್ಟು ಇಂಗ್ಲಿಷ್ ಕಲಿಸುತ್ತಿದ್ದೆ. ಅವರು ಕಲಿಸುತ್ತಿದ್ದದ್ದು ಹಡಗಿನ, ಬಂದರಿನ ಭದ್ರತೆ. ಕಡಲ್ಗಳ್ಳರು ಹೇಗೆ ಬರುತ್ತಾರೆ, ಹೇಗೆ ತಡೆಯಬೇಕು, ಬಾಂಬು ಇಡಲು ಬರುವವನು ಯಾವ ವೇಷದಲ್ಲಿ ಬರಬಹುದು, ಇಂಥವು.

ಸೇರಿದ ಮೊದಲ ವಾರ ನಾವಿಬ್ಬರೂ ಹಿಂದಿಯಲ್ಲೇ ಮಾತಾಡಿಕೊಂಡೆವು. ಒಂದು ದಿನ ಸ್ಟಾಫ್ ರೂಮಿನಲ್ಲಿ ಚಹಾ ಬಾಯಿಗಿಟ್ಟವರು ತಮ್ಮಷ್ಟಕ್ಕೆ, 'ಥೂ ಇವನ, ಮತ್ತ ಪಾಕ ಕಾಸ್ಯಾನ' ಎಂದರು. ನನಗೆ ನಗು ತಡೆಯಲಾಗಲಿಲ್ಲ. ಕಪ್ಪು ಕೆಳಗಿಟ್ಟು ನನ್ನನ್ನೇ ನೋಡಿದರು.

'ಏನ್ರಿ ಮೇಡಂ, ನಮ್ಮ ಕಡಿಯವರೇನು ನೀವು?'

'ಹೌದ್ರಿ ಸರ್. ಕಲಬುರ್ಗಿರಿ. ನಮ್ಮ ಅಪ್ಪಾವ್ರ ನೌಕರಿ ಇಲ್ಲೇ ಇತ್ತು.'

'ನಮ್ಮದು ರಾಯಚೂರು. ಭಾಳ ಛಲೋ ಆತು ಬಿಡ್ರಿ. ಇನ್ನ ಈ ಚಾ ಮಾಡವಗ ಇಬ್ಬರೂ ಕೂಡಿ ಬೈಬಹುದು.'

ಆ ದಿನದಿಂದ ಮೇಡಂ ಹೋಗಿ 'ತಂಗಿ' ಆದೆ. ಸಂಜೆ ಒಂದೇ ಬಸ್ಸಿನಲ್ಲಿ ಉಪ್ಪಲ್ ತನಕ ಬರುತ್ತಿದ್ದೆವು. ಅಲ್ಲಿ ನಾನಿಳಿದರೆ ಅವರು ಮುಂದೆ ಕುಷಾಯಿಗೂಡಕ್ಕೆ ಹೋಗುತ್ತಿದ್ದರು.

ಎತ್ತರದ ಆಳು. ತೋಳು ಮಡಚಿದ ಬಿಳಿಯ ಅಂಗಿ, ಬಿಸಿಲಿಗೆ ಸುಟ್ಟು ಮತ್ತೆ ಬಣ್ಣಕ್ಕೆ ಬಾರದ ಮುಖ. ಕ್ಲಾಸಿನಲ್ಲಿ ಯಾರಾದರೂ ಒಳಗೆ ಬರುತ್ತಿದ್ದಂತೆ ಹೆಬ್ಬೆರಳು ಉಳಿದ ಬೆರಳುಗಳ ಮೇಲೆ ಓಡುತ್ತಿತ್ತು. ತಲೆ ಎಣಿಸುತ್ತಿದ್ದರು. ಬಸ್ಸಿನಲ್ಲಿಯೂ ಎಣಿಸುತ್ತಿದ್ದರು, ಮದುವೆಯ ಪಂಕ್ತಿಯಲ್ಲಿಯೂ. ಹಿಂದಿ, ತೆಲುಗು, ಇಂಗ್ಲಿಷ್ ಎಲ್ಲದರಲ್ಲಿಯೂ ಪಾಠ ಮಾಡುತ್ತಿದ್ದ ಮನುಷ್ಯ ಎಣಿಸುವುದು ಮಾತ್ರ ಕನ್ನಡದಲ್ಲಿ.

ಸರ್ಟಿಫಿಕೇಟಿಗಾಗಿ ಬರುವ ಹುಡುಗರಿಗೆ ಭದ್ರತೆಯ ಪಾಠ ಎಂದರೆ ನಿದ್ದೆಯ ಹೊತ್ತು. ಅದಕ್ಕೆ ಅವರು ಕೈಗೆ ಕೆಲಸ ಕೊಡುತ್ತಿದ್ದರು. ಹಡಗಿನ ಹಳೆಯ ಕೆಲಸದ ಉಡುಪು ತರಿಸಿ, ಕೆಳಗಿನ ಸೀರೆ ಅಂಗಡಿಯಿಂದ ರದ್ದಿ ಕಾಗದ ಬೇಡಿ ತಂದು, ಒಳಗೆ ತುರುಕಿಸಿ ಆಳಿನ ಬೊಂಬೆ ಮಾಡಿಸುತ್ತಿದ್ದರು. ಕಳ್ಳರ ದೋಣಿಗೆ ದೂರದಿಂದ ಕಾವಲುಗಾರನಂತೆ ಕಾಣಲಿ ಎಂದು ಅಂಥ ಬೊಂಬೆಗಳನ್ನು ಹಡಗಿನ ಅಂಚಿಗೆ ನಿಲ್ಲಿಸುತ್ತಾರಂತೆ. ನಮ್ಮದೊಂದು ಬೊಂಬೆ ಸ್ಟಾಫ್ ರೂಮಿನ ಮೂಲೆಯಲ್ಲಿ ಟೋಪಿ ಹಾಕಿಕೊಂಡು ನಿಂತಿರುತ್ತಿತ್ತು. ಯಾರೋ ಹುಡುಗನ ತಂದೆ ಅದಕ್ಕೆ ಕೈಮುಗಿದು, 'ಸಾರ್, ಫೀಸಿನ ವಿಷಯ...' ಎಂದು ಶುರು ಮಾಡಿದ್ದರು. ಕ್ಯಾಪ್ಟನ್ ಬಾಯಿಗೆ ಕರವಸ್ತ್ರ ಒತ್ತಿಕೊಂಡು ಹೊರಗೆ ಹೋದದ್ದು ನೋಡಿದ್ದೇನೆ. ಅವರು ನಕ್ಕದ್ದನ್ನು ನೋಡಿದ ದಿನಗಳು ಹೆಚ್ಚಿಲ್ಲ, ಅದಕ್ಕೇ ನೆನಪಿದೆ.

ಒಮ್ಮೆ ಒಂದು ಬ್ಯಾಚನ್ನು ಪೂರ್ವ ಕರಾವಳಿಯ ಬಂದರೊಂದಕ್ಕೆ ಕರೆದುಕೊಂಡು ಹೋದೆವು. ಗೇಟಿನ ಹತ್ತಿರ ಕ್ಯಾಪ್ಟನ್ ಹುಡುಗರನ್ನು ನಿಲ್ಲಿಸಿ, ಕೈಯಲ್ಲೊಂದು ಫೈಲು ಹಿಡಿದು, ಎದೆ ಮುಂದೆ ಮಾಡಿ ಒಬ್ಬರೇ ನಡೆದರು. ಕಾವಲಿನವನು ಸಲಾಂ ಹೊಡೆದು ಬಿಟ್ಟುಬಿಟ್ಟ. ಅವರು ಒಳಗೆ ಹೋಗಿ, ಅಲ್ಲಿಂದ ತಿರುಗಿ ಬಂದು ಅವನನ್ನೇ ಕೇಳಿದರು.

'ನನ್ನನ್ನು ಯಾಕೆ ಬಿಟ್ಟೆ?'

'ದೊಡ್ಡ ಸಾಹೇಬರ ಹಾಗೆ ಕಂಡಿರಿ ಸಾರ್.'

'ಕೆಡುಕು ಮಾಡಲು ಬರುವವನು ಸಣ್ಣವನ ಹಾಗೆ ಬರುತ್ತಾನೇನಪ್ಪ?'

ಅವನ ಮುಖ ಬಿಳುಚಿತು. ಅವರು ಯಾರಿಗೂ ದೂರು ಹೇಳಲಿಲ್ಲ. ನಮ್ಮ ಹಿಂದೆ ಸಾಲಿನಲ್ಲಿ ನಿಂತು, ಗುರುತಿನ ಚೀಟಿ ತೋರಿಸಿ, ಚೀಲ ಬಿಚ್ಚಿ ಅವನ ಮುಂದಿಟ್ಟು ಒಳಗೆ ಬಂದರು. ಆಮೇಲೆ ಹುಡುಗರಿಗೆ ಹೇಳಿದರು: 'ಎಚ್ಚರಿಕೆಗೆ ಮೂರು ಮಟ್ಟ ಅಂತ ಪುಸ್ತಕದಲ್ಲಿ ಓದಿದ್ದೀರಿ. ಮೊದಲನೆಯದು ಸಾಧಾರಣ ದಿನ. ಕೆಡುವುದೆಲ್ಲ ಸಾಧಾರಣ ದಿನವೇ.'

ಅವರ ಕ್ಲಾಸಿನ ಬಾಗಿಲು ಮುಚ್ಚುತ್ತಿರಲಿಲ್ಲ. ಕುರ್ಚಿಯೊಂದನ್ನು ಅಡ್ಡ ಇಟ್ಟು ತೆರೆದೇ ಇಡುತ್ತಿದ್ದರು. ಪಕ್ಕದ ಕೋಚಿಂಗಿನಲ್ಲಿ ಮೈಕು ಹಿಡಿದು ಬಡ್ಡಿ ಲೆಕ್ಕ ಹೇಳಿಕೊಡುವ ಸದ್ದು ಒಳಗೆ ನುಗ್ಗುತ್ತಿತ್ತು. ನಮ್ಮ ಕ್ಲಾಸುಗಳ ನಡುವಿನ ಗೋಡೆ ಹಲಗೆಯದಾದ್ದರಿಂದ ಆ ಸದ್ದು ನನ್ನವರೆಗೂ ಬರುತ್ತಿತ್ತು. 'ಬಾಗಿಲು ಹಾಕಬಾರದೇನ್ರಿ ಸರ್?' ಎಂದು ಕೇಳಿದೆ. 'ಗಾಳಿ ಬೇಕಲ್ಲ ತಂಗಿ' ಎಂದರು. ಡಿಸೆಂಬರಿನ ಚಳಿಯಲ್ಲಿಯೂ ಅದೇ ಉತ್ತರ.

ಕಾರಣ ತಿಳಿದದ್ದು ಅವರ ಹೆಂಡತಿಯಿಂದ. ನನ್ನನ್ನು ತಂಗಿ ಎಂದವರ ಹೆಂಡತಿ ಅತ್ತಿಗೆಯೇ ಆದ್ದರಿಂದ ನಾನು ಅವರನ್ನು ವೈನಿ ಎಂದೇ ಕರೆಯುತ್ತಿದ್ದೆ. ಶ್ರಾವಣದಲ್ಲಿ ಅರಿಷಿಣ ಕುಂಕುಮಕ್ಕೆ ಕರೆದಿದ್ದರು. ನಾನು ಓಣಿ ತಿರುಗುವಾಗಲೇ ಕ್ಯಾಪ್ಟನ್ ಕಟ್ಟೆಯ ಮೇಲಿಂದ ಎದ್ದು ನಿಂತು, 'ಬಾ ತಂಗಿ, ಒಳಗ ಅದಾಳ' ಎಂದು ತಾವು ಹೊರಗೆ ಹೊರಟರು. ಬಂದವರು ಬಾಗಿಲು ಬಡಿಯುವ ಪ್ರಸಂಗವೇ ಬರಬಾರದೆಂದು ಹೀಗೆ ಮನೆಯಲ್ಲಿದ್ದಷ್ಟು ಹೊತ್ತೂ ಕಟ್ಟೆಯ ಮೇಲೆ ಕೂರುತ್ತಾರೆಂದು ಅಂದೇ ತಿಳಿಯಿತು. ಉಳಿದ ಹೆಂಗಸರು ಎದ್ದು ಹೋದ ಮೇಲೆ ನಾನು ಕೈಕಾಲು ತೊಳೆಯಲು ಹೋಗಿ ಬಂದೆ. ವೈನಿ ನನ್ನ ಮುಖ ನೋಡಿಯೇ ಹೇಳಿದರು.

'ಚಿಲಕ ಹುಡುಕಿದೇನವಾ? ಈ ಮನಿಯೊಳಗ ಬಚ್ಚಲಕ್ಕೂ ಚಿಲಕ ಇಲ್ಲ. ಬಂದ ಹೊಸದಾಗಿ ತಾವ ಸ್ಕ್ರೂ ಬಿಚ್ಚಿ ತಗದ್ರು.'

'ಯಾಕ್ರಿ ವೈನಿ?'

'ಬಡದ್ರ ಅವರಿಗೆ ತಡಿಯಾಕ ಆಗಂಗಿಲ್ಲ.'

ಆಮೇಲೆ ಅಲ್ಲಿಯೇ ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿದರು.

ಆಫ್ರಿಕಾದ ಪೂರ್ವದ ಕಡಲಿನಲ್ಲಿ ದರೋಡೆಕೋರರ ಹಾವಳಿ ಜೋರಾಗಿದ್ದ ಕಾಲ. ಇವರ ಹಡಗು ಎಣ್ಣೆ ತುಂಬಿಕೊಂಡು ನಿಧಾನವಾಗಿ, ನೀರಿಗೆ ತೀರ ತಗ್ಗಾಗಿ ಹೋಗುತ್ತಿತ್ತು. ಮಧ್ಯಾಹ್ನ ಎರಡು ಸಣ್ಣ ದೋಣಿಗಳು ಬೆನ್ನು ಹತ್ತಿದವು. ನೀರಿನ ಪೈಪು ಬಿಟ್ಟರು, ಹಡಗನ್ನು ಎಡಕ್ಕೂ ಬಲಕ್ಕೂ ಹೊರಳಿಸಿದರು. ಆದರೂ ದರೋಡೆಕೋರರು ಏಣಿ ಹಾಕಿ ಹತ್ತಿಯೇಬಿಟ್ಟರು. ಅಂಥ ಹೊತ್ತಿಗೆಂದು ಹಡಗಿನ ಹಿಂಭಾಗದ ತಳದಲ್ಲಿ, ಚುಕ್ಕಾಣಿಯ ಯಂತ್ರ ಇರುವಲ್ಲಿ, ಒಂದು ಭದ್ರ ಕೋಣೆ ಇರುತ್ತದೆ. ಕ್ಯಾಪ್ಟನ್ ಕ್ಲಾಸಿನಲ್ಲಿ ಅದನ್ನು 'ಗಟ್ಟಿ ಖೋಲಿ' ಎಂದೇ ಹೇಳುತ್ತಿದ್ದರು. ಎಲ್ಲರೂ ಅದರೊಳಗೆ ಸೇರಿ ಕಬ್ಬಿಣದ ಬಾಗಿಲು ಹಾಕಿಕೊಂಡು, ಎಂಜಿನ್ ನಿಲ್ಲಿಸಿಬಿಟ್ಟರೆ ದರೋಡೆಕೋರರಿಗೆ ಹಡಗೂ ನಡೆಯುವುದಿಲ್ಲ, ಒತ್ತೆಗೆ ಮನುಷ್ಯರೂ ಸಿಗುವುದಿಲ್ಲ. ವೈರ್‌ಲೆಸ್ಸಿನಲ್ಲಿ ಕರೆದರೆ ನೌಕಾಪಡೆಯ ಹಡಗು ಬರುವ ತನಕ ತಡೆದುಕೊಳ್ಳಬಹುದು.

ಅವರು ಕೊನೆಯವರಾಗಿ ಒಳಗೆ ಬಂದು ಬಾಗಿಲು ಹಾಕಿದರು. ಎಣಿಸಿದರು. ಒಬ್ಬ ಕಡಿಮೆ. ರತ್ನಾಗಿರಿ ಕಡೆಯ ನಾವಿಕನೊಬ್ಬ ಪಂಪಿನ ಸದ್ದಿಗೆ ಕಿವಿ ಮುಚ್ಚಿಕೊಂಡು ಕೆಲಸ ಮಾಡುತ್ತಿದ್ದವನು, ಅಪಾಯದ ಗಂಟೆ ಕೇಳಿರಲಿಲ್ಲ. ಸ್ವಲ್ಪ ಹೊತ್ತಿಗೆ ಬಾಗಿಲು ಬಡಿಯುವ ಸದ್ದು. ಅವನದೇ ದನಿ. 'ಕ್ಯಾಪ್ಟನ್ ಸಾಬ್, ಬಂದೂಕು ತಲೆಗೆ ಇಟ್ಟಿದ್ದಾರೆ, ತೆಗೀರಿ.' ಒಳಗಿದ್ದವರಲ್ಲಿ ಅರ್ಧ ಜನ ತೆಗೆಯಿರಿ ಎಂದರು, ಅರ್ಧ ಜನ ಬೇಡ ಎಂದರು. ನೌಕಾಪಡೆಯ ಹಡಗು ಹೊರಟಿದೆಯೆಂದು ಆಗಲೇ ಉತ್ತರ ಬಂದಿತ್ತು.

ಕ್ಯಾಪ್ಟನ್ ಬಾಗಿಲು ತೆಗೆದರು.

ತಿಂಗಳುಗಟ್ಟಲೆ ಸೆರೆ. ಹಡಗಿನ ಮುಖ್ಯ ಅಡುಗೆಯವನು ಶ್ರೀಕಾಕುಳಂ ಕಡೆಯವನು, ಸಕ್ಕರೆ ಕಾಯಿಲೆಯವನು. ಅವನ ಔಷಧಿ ಮುಗಿಯಿತು. ತರಿಸಿಕೊಡಿ ಎಂದು ಕ್ಯಾಪ್ಟನ್ ದರೋಡೆಕೋರರ ಕಾಲು ಹಿಡಿದರು. ಅವರು ನಾಳೆ, ನಾಳೆ ಎನ್ನುತ್ತ ದಿನ ತಳ್ಳಿದರು. ಒಂದು ಬೆಳಿಗ್ಗೆ ಅವನು ಏಳಲಿಲ್ಲ. ಮಾಂಸ, ತರಕಾರಿ ಇಡುವ ಅವನದೇ ಶೀತಲ ಕೋಣೆಯಲ್ಲಿ ಅವನನ್ನು ಮಲಗಿಸಿದರು, ಊರು ಮುಟ್ಟಿಸೋಣ ಎಂದು. ಡೀಸೆಲ್ ತೀರುತ್ತ ಬಂದಾಗ ದರೋಡೆಕೋರರು ಜನರೇಟರ್ ನಿಲ್ಲಿಸಿಬಿಟ್ಟರು. ಮತ್ತೆ ಬೇರೆ ದಾರಿಯಿರಲಿಲ್ಲ. ಬಟ್ಟೆ ಸುತ್ತಿ ಸಮುದ್ರಕ್ಕೆ ಬಿಟ್ಟರು.

'ಹೊಳ್ಳಿ ಬಂದ ಮ್ಯಾಲೆ ಆಕಿ ಊರಿಗೆ ಹೋಗಿದ್ರು' ಎಂದರು ವೈನಿ. 'ಅಡಿಗಿಯವನ ಹೆಂಡ್ತಿ ಊರಿಗೆ. ಆಕಿ ಅಳಲೂ ಇಲ್ಲಂತ, ಬೈಲೂ ಇಲ್ಲಂತ. ಒಂದ ಕೇಳಿದ್ಲಂತ. ಹೊರಗಿದ್ದವನ್ನ ಉಳಿಸಿದ್ರಿ, ನನ್ನ ಗಂಡ ಒಳಗಿದ್ನಲ್ಲ, ಅವ ಏನು ತಪ್ಪು ಮಾಡಿದ್ದ ಅಂತ. ಇವರ ಹಂತೇಲಿ ಏನಿತ್ತು ಹೇಳಾಕ?'

ಹಣ ಕೊಟ್ಟು ಬಿಡಿಸಿಕೊಂಡಿದ್ದ ಕಂಪನಿಯವರು ವಿಚಾರಣೆ ನಡೆಸಿದರು. ಶಿಕ್ಷೆಯೆಂದು ಏನೂ ಕೊಡಲಿಲ್ಲ. ಇನ್ನೊಂದು ಹಡಗನ್ನೂ ಕೊಡಲಿಲ್ಲ. ರತ್ನಾಗಿರಿಯವನು ಕಡಲಿನ ಕೆಲಸ ಬಿಟ್ಟು ಟೆಂಪೊ ಇಟ್ಟುಕೊಂಡಿದ್ದ. ದೀಪಾವಳಿಗೆ ತಪ್ಪದೆ ಫೋನ್ ಮಾಡುತ್ತಿದ್ದ. ಅವನ ಹೆಸರು ಕಂಡೊಡನೆ ಕ್ಯಾಪ್ಟನ್ ಫೋನನ್ನು ವೈನಿಯ ಕೈಗೆ ಕೊಟ್ಟು ಹೊರಗೆ ಹೋಗುತ್ತಿದ್ದರು. 'ಸಾಬ್ ಚೆನ್ನಾಗಿದ್ದಾರಾ' ಎಂದು ಅವನು ಕೇಳುತ್ತಿದ್ದ, ಚೆನ್ನಾಗಿದ್ದಾರೆ ಎಂದು ವೈನಿ ಹೇಳುತ್ತಿದ್ದರು.

ಪ್ರತಿ ಬ್ಯಾಚಿಗೂ ಕ್ಯಾಪ್ಟನ್ 'ಒಂದು ಹಡಗು' ಎಂದು ಶುರು ಮಾಡಿ ಹೇಳುತ್ತಿದ್ದ ಪಾಠ ಇದೇ ಎಂದು ನನಗೆ ಆಗ ಹೊಳೆಯಿತು. ಆ ಪಾಠದ ಕೊನೆಗೆ ಅವರು ಹೇಳುತ್ತಿದ್ದದ್ದು, ಬಾಗಿಲು ತೆಗೆಯಬಾರದಿತ್ತು ಎಂದು.

ಕೆಲವು ದಿನ ಬಿಟ್ಟು ಬಸ್ಸಿನಲ್ಲಿ ನಾನೇ ಮಾತು ತೆಗೆದೆ. ಅವರ ಪುಸ್ತಕದಲ್ಲಿಯೇ ಓದಿಕೊಂಡಿದ್ದೆ: ಒಬ್ಬನೇ ಒಬ್ಬ ಹೊರಗೆ ಸಿಕ್ಕಿಬಿದ್ದಿದ್ದರೂ ನೌಕಾಪಡೆ ಹಡಗಿಗೆ ನುಗ್ಗುವುದಿಲ್ಲ, ಅವನ ಜೀವ ಹೋಗುತ್ತದೆಂದು.

'ಹಂಗಿದ್ದ ಮ್ಯಾಲೆ ನೀವು ತೆಗೀದಿದ್ರೂ ಅಷ್ಟ ಅಲ್ಲೇನ್ರಿ ಸರ್? ಅವರು ಬಂದು ಬಿಡಿಸ್ತಿದ್ದಿಲ್ಲ.'

ಅವರು ಕಿಟಕಿಯ ಕಡೆ ತಿರುಗಿಕೊಂಡೇ ಹೇಳಿದರು. 'ನಿಮ್ಮ ವೈನಿ ಹೇಳಿದಳೇನು? ಇರಲಿ. ವಿಚಾರಣಿಯೊಳಗ ವಕೀಲನೂ ಹಂಗ ಹೇಳಿದ್ದ. ಅದು ಆಮ್ಯಾಲೆ ಕುಂತು ಹಚ್ಚಿದ ಲೆಕ್ಕ ತಂಗಿ. ಆವಾಗ ನನಗ ಅದ್ಯಾವುದೂ ನೆನಪಿರಲಿಲ್ಲ. ಅವನ ದನಿ ಅಷ್ಟ ಕೇಳಸ್ತಿತ್ತು.'

'ಮತ್ತ ಹುಡುಗರಿಗೆ ತೆಗೀಬ್ಯಾಡ್ರಿ ಅಂತ ಯಾಕ ಕಲಸ್ತೀರಿ?'

'ತೆಗೀಬ್ಯಾಡ ಅಂತ ಹೇಳೋದು ಒಂದ ಮಾತು. ಉಳಿದದ್ದು ಎಲ್ಲಾ ಏನು ಕಲಸ್ತೀನಿ? ತಂತಿ ಬೇಲಿ ಹಾಕ್ರಿ, ಕಣ್ಣಿಟ್ಟು ನೋಡ್ರಿ, ಗಂಟಿ ಎಲ್ಲಾ ಕಡೆ ಕೇಳಸ್ತದೋ ಇಲ್ಲೋ ದಿನಾ ನೋಡ್ರಿ, ತಲಿ ಎಣಸ್ರಿ. ಆ ಬಾಗಲಾ ಬಡಿಯೋ ವ್ಯಾಳ್ಯಾನ ಬರಬಾರದು. ಬಂತಂದ್ರ ಮುಗೀತು. ತೆಗದ್ರೂ ಸಾಯ್ತಾನ ಒಬ್ಬ, ತೆಗೀದಿದ್ರೂ ಸಾಯ್ತಾನ ಒಬ್ಬ.'

ಉಪ್ಪಲ್ ಬಂತು. ಇಳಿದೆ. ಆ ವಿಷಯವನ್ನು ಮತ್ತೆ ನಾನಾಗಿ ಕೇಳಲಿಲ್ಲ.

ಮುಂದೆ ಒಂದೆರಡು ವರ್ಷಕ್ಕೆ ಈಶ್ವರ ಬಂದ.

ಹೊಸ ಬ್ಯಾಚಿನ ಮೊದಲ ದಿನ ನನ್ನ ಕ್ಲಾಸಿನಲ್ಲಿ ಒಬ್ಬೊಬ್ಬರೂ ಎದ್ದು ತಮ್ಮ ಪರಿಚಯವನ್ನು ಇಂಗ್ಲಿಷಿನಲ್ಲಿ ಹೇಳಬೇಕು. ಸಣಕಲು ದೇಹದ, ನೇರ ನೋಡುವ ಹುಡುಗನೊಬ್ಬ ಶ್ರೀಕಾಕುಳಂ ಕಡೆಯ ತನ್ನ ಊರು ಹೇಳಿ, ತಂದೆ ಹಡಗಿನಲ್ಲಿ ಮುಖ್ಯ ಅಡುಗೆಯವರಾಗಿದ್ದರು, ಅಲ್ಲಿಯೇ ತೀರಿಕೊಂಡರು ಎಂದ. ಕ್ಲಾಸು ಮುಗಿಸಿ ಸ್ಟಾಫ್ ರೂಮಿಗೆ ಬಂದು, ಹೊಸ ಹುಡುಗರ ಬಗ್ಗೆ ಹರಟುತ್ತ ಅದನ್ನೂ ಹೇಳಿದೆ. ಹೇಳುತ್ತಿರುವಾಗಲೇ ಅವನು ಯಾರ ಮಗನೆಂದು ನನಗೆ ಹೊಳೆಯಿತು. ಕ್ಯಾಪ್ಟನ್ ಚಹಾ ಕೆಳಗಿಟ್ಟರು.

'ಯಾವ ಊರಂದ?'

ಹೇಳಿದೆ.

'ಮುಖ ಹೆಂಗೈತಿ? ಹುಬ್ಬು ಕೂಡ್ಯಾವೇನು?'

'ಹೌದ್ರಿ.'

ಅವರು ಎದ್ದು ಮುಖ ತೊಳೆದುಕೊಂಡು ಬಂದು ಕ್ಲಾಸಿಗೆ ಹೋದರು. ಅಂದು ನನಗೆ ಬೇರೆ ಕ್ಲಾಸು ಇರಲಿಲ್ಲ. ಹಲಗೆಯ ಗೋಡೆಯ ಈಚೆಗೆ ಕೂತೇ ಇದ್ದೆ. ಕ್ಯಾಪ್ಟನ್ ಎಂದಿನಂತೆ ಹಾಜರಿ ತೆಗೆದುಕೊಳ್ಳಲಿಲ್ಲ. ಹಡಗಿನ ಚಿತ್ರ ಬರೆಯಲಿಲ್ಲ. 'ನನ್ನ ಹಡಗಿನಲ್ಲಿ ಏನಾಯಿತು ಎಂದು ಹೇಳುತ್ತೇನೆ' ಎಂದು ತೆಲುಗಿನಲ್ಲಿ ಶುರು ಮಾಡಿದರು. ಅಲ್ಲಿಯವರೆಗೆ ಯಾವ ಬ್ಯಾಚಿಗೂ 'ನನ್ನ' ಎಂದಿರಲಿಲ್ಲ. ಎಲ್ಲವನ್ನೂ ಹೇಳಿದರು. ಅಡುಗೆಯವನ ಹೆಸರು ಹೇಳಿದರು. ಅವನು ಶುಕ್ರವಾರ ಎಲ್ಲರಿಗೂ ಪಾಯಸ ಮಾಡುತ್ತಿದ್ದ, ತಾನು ಮುಟ್ಟುತ್ತಿರಲಿಲ್ಲ ಎಂದೂ, ಮೀನು ತಿನ್ನದ ತಮಗೆ ಬೇರೆ ಪಾತ್ರೆಯಲ್ಲಿ ಬೇಯಿಸುತ್ತಿದ್ದ ಎಂದೂ ಹೇಳಿದರು. ಸಮುದ್ರಕ್ಕೆ ಬಿಟ್ಟ ಬೆಳಗನ್ನೂ ಹೇಳಿದರು.

ಹೇಳಿ ಮುಗಿಸಿದ ಮೇಲೆ ಪಕ್ಕದ ಕೋಚಿಂಗಿನ ಮೈಕು ಮಾತ್ರ ಕೇಳುತ್ತಿತ್ತು. ಆಮೇಲೆ ಈಶ್ವರನ ದನಿ.

'ಸಾರ್, ಹೊರಗೆ ನನ್ನ ತಂದೆ ಇದ್ದಿದ್ದರೆ?'

'ತೆಗೆಯುತ್ತಿದ್ದೆ.'

'ಮುಂದೆ ಏನಾಗುತ್ತದೆ ಎಂದು ಮೊದಲೇ ಗೊತ್ತಿದ್ದರೆ?'

'ಗೊತ್ತಿಲ್ಲ ಈಶ್ವರ. ದಿನಾ ಬೆಳಿಗ್ಗೆ ಅದನ್ನೇ ಕೇಳಿಕೊಳ್ಳುತ್ತೇನೆ. ಉತ್ತರ ಒಂದೊಂದು ದಿನ ಒಂದೊಂದು.'

ಹುಡುಗ ಮರುದಿನ ಬರುವುದಿಲ್ಲ ಎಂದುಕೊಂಡಿದ್ದೆ. ಬಂದ. ದಿನವೂ ಬಂದ. ಕೇಳಿದ್ದಕ್ಕೆ ಉತ್ತರಿಸುತ್ತಿದ್ದ. ಕ್ಯಾಪ್ಟನ್ನರ ಮುಖ ನೋಡುತ್ತಿರಲಿಲ್ಲ.

ಕೋರ್ಸಿನ ಕೊನೆಗೆ ಒಂದು ಅಣಕು ಪರೀಕ್ಷೆ ಇರುತ್ತಿತ್ತು. ಮುರಿದ ಕುರ್ಚಿಗಳನ್ನಿಡುವ ಉಗ್ರಾಣವೇ ಗಟ್ಟಿ ಖೋಲಿ. ಒಬ್ಬ ಹುಡುಗ ಕ್ಯಾಪ್ಟನ್ ಆಗುತ್ತಾನೆ, ಉಳಿದವರನ್ನು ಒಳಗೆ ಸೇರಿಸಿ ಬಾಗಿಲು ಹಾಕಿಕೊಳ್ಳುತ್ತಾನೆ. ಇನ್ನೊಬ್ಬ ಒತ್ತೆಯಾಳಾಗಿ ಹೊರಗಿನಿಂದ ಬಡಿಯುತ್ತಾನೆ. ಒಳಗಿನವನು ತೆಗೆಯಬಾರದು. ಸಾಮಾನ್ಯವಾಗಿ ನಗುನಗುತ್ತ ನಡೆಯುತ್ತಿದ್ದ ಆಟ. ಹೊರಗಿನವನು ನಾಟಕ ಮಾಡುತ್ತಿದ್ದ, ಒಳಗಿನವರು ಕಿಸಿಯುತ್ತಿದ್ದರು. ಆ ಸಲ ಕ್ಯಾಪ್ಟನ್, 'ಈಶ್ವರ, ನೀನು ಒಳಗೆ ಕ್ಯಾಪ್ಟನ್. ಹೊರಗೆ ನಾನಿರುತ್ತೇನೆ' ಎಂದರು.

ಬಾಗಿಲು ಮುಚ್ಚಿತು. ಕ್ಯಾಪ್ಟನ್ ಬಡಿದರು. 'ತೆಗೆಯಪ್ಪಾ, ತಲೆಗೆ ಬಂದೂಕು ಇಟ್ಟಿದ್ದಾರೆ.' ಒಳಗೆ ಯಾರೂ ನಗಲಿಲ್ಲ. ಮತ್ತೆ ಬಡಿದರು. ತೆಲುಗಿನಲ್ಲಿ ಕರೆದರು, ಹಿಂದಿಯಲ್ಲಿ ಕರೆದರು. ಪಕ್ಕದ ಕೋಚಿಂಗಿನ ಹುಡುಗರು ಏನಾಯಿತೆಂದು ಹೊರಗೆ ಬಂದು ನಿಂತರು. ಇಷ್ಟು ಹೊತ್ತು ಯಾವ ಸಲವೂ ನಡೆದಿರಲಿಲ್ಲ. ಅವರ ಅಂಗೈ ಕೆಂಪಾಗಿತ್ತು. 'ಸರ್, ಸಾಕ್ರಿ' ಎಂದು ನಾನು ಹತ್ತಿರ ಹೋದೆ. ಕೇಳಿಸಿತೋ ಇಲ್ಲವೋ. ಕೊನೆಗೆ ಹಣೆಯನ್ನು ಬಾಗಿಲಿಗೆ ಇಟ್ಟು ನಿಂತರು. ಉಸಿರು ಸರಿಹೋದ ಮೇಲೆ, 'ಆಯಿತು, ಹೊರಗೆ ಬನ್ನಿ' ಎಂದರು.

ಮೊದಲು ಉಳಿದವರು ಬಂದರು. ಕೊನೆಗೆ ಈಶ್ವರ. ಅವನ ಅಂಗಿ ಬೆವರಿಗೆ ಮೈಗಂಟಿತ್ತು. ಕ್ಯಾಪ್ಟನ್ ಅವನ ಭುಜ ಮುಟ್ಟಲು ಕೈ ಎತ್ತಿದವರು ಇಳಿಸಿಬಿಟ್ಟರು. 'ಪಾಸ್' ಎಂದರು.

ಸಂಜೆ ಬಸ್ಸಿನಲ್ಲಿ ನನಗೆ ಹೇಳಿದ್ದು ಇಷ್ಟೇ: 'ಛಲೋ ಮಾಡಿದ ಹುಡುಗ. ಆವತ್ತು ಆ ಹಡಗಿನ್ಯಾಗ ಇಂವ ಕ್ಯಾಪ್ಟನ್ ಇದ್ದಿದ್ರ, ಇವರಪ್ಪ ಬದುಕಿರ್ತಿದ್ದ.'

ಕೊರೊನಾ ಬಂದಾಗ ಸಂಸ್ಥೆ ಮುಚ್ಚಿತು. ಮತ್ತೆ ತೆರೆಯಲಿಲ್ಲ. ನಾನು ಮಣಿಕೊಂಡದ ಶಾಲೆಯೊಂದಕ್ಕೆ ಸೇರಿದೆ. ದೂರವಾಯಿತು, ಕುಷಾಯಿಗೂಡಕ್ಕೆ ಹೋಗುವುದು ಕಡಿಮೆಯಾಯಿತು. ಹೋದಾಗಲೆಲ್ಲ ಅವರು ಇನ್ನಷ್ಟು ಕುಗ್ಗಿ ಕಾಣುತ್ತಿದ್ದರು. ಹೃದಯದ ತೊಂದರೆ, ಕಾಲಿನಲ್ಲಿ ಬಾವು. ಯಾವ ಹಡಗು ಎಲ್ಲಿ ಹೋಗುತ್ತಿದೆ ಎಂದು ನಕ್ಷೆಯ ಮೇಲೆ ತೋರಿಸುವ ಆ್ಯಪ್ ಒಂದು ಅವರ ಫೋನಿನಲ್ಲಿತ್ತು. ಈಶ್ವರ ಯಾವ ಹಡಗಿನಲ್ಲಿದ್ದಾನೆಂದು ಅವನ ಗೆಳೆಯರನ್ನು ಕೇಳಿ ತಿಳಿದುಕೊಂಡಿದ್ದರು. ಕಟ್ಟೆಯ ಮೇಲೆ ಕೂತು, ಕನ್ನಡಕ ಹಣೆಗೇರಿಸಿ, ಆ ಸಣ್ಣ ಹಸಿರು ಗುರುತನ್ನು ನೋಡುತ್ತಿದ್ದರು. 'ಸಿಂಗಾಪುರ ಬಿಟ್ಟಾನ' ಎನ್ನುತ್ತಿದ್ದರು ವೈನಿಗೆ. ಈಶ್ವರ ಒಮ್ಮೆಯೂ ಇವರಿಗೆ ಫೋನ್ ಮಾಡಿರಲಿಲ್ಲ. ಇವರೂ ಮಾಡಲಿಲ್ಲ.

ಕೆಂಪು ಸಮುದ್ರದ ಕಡೆ ಮತ್ತೆ ಹಡಗುಗಳ ಮೇಲೆ ದಾಳಿ, ಮತ್ತೆ ಅಪಹರಣ ಎಂದು ಸುದ್ದಿ ಬರತೊಡಗಿದಾಗ ಅವರು ಆಸ್ಪತ್ರೆಯಲ್ಲಿದ್ದರು. ನೋಡಲು ಹೋದೆ. ಕೈಗೆ ಸೂಜಿ ಚುಚ್ಚಿದ್ದರಿಂದ ಫೋನ್ ಹಿಡಿಯಲು ಆಗುತ್ತಿರಲಿಲ್ಲ.

'ತಂಗಿ, ಅದರಾಗ ನೋಡು. ಏಡನ್ ದಾಟಿತೇನು?'

ನೋಡಿದೆ. ಈಶ್ವರನ ಹಡಗಿನ ಹಸಿರು ಗುರುತು ಏಡನ್ ಕೊಲ್ಲಿಯನ್ನು ಬಿಟ್ಟು ಈಚೆ ಅರಬ್ಬಿ ಸಮುದ್ರಕ್ಕೆ ಬಂದಿತ್ತು.

'ದಾಟೇತ್ರಿ ಸರ್.'

'ಬರೋಬ್ಬರಿ ನೋಡು.'

'ನೋಡೇನ್ರಿ. ದಾಟೇತಿ.'

ಕಣ್ಣು ಮುಚ್ಚಿಕೊಂಡರು. ಆ ವಾರದಲ್ಲಿಯೇ ಹೋಗಿಬಿಟ್ಟರು.

ಈಶ್ವರನಿಗೆ ನಾನೇ ಸುದ್ದಿ ಕಳಿಸಿದೆ. ಅವನು ಸಂದೇಶ ಓದಿದ ಗುರುತು ಬಂತು, ಉತ್ತರ ಬರಲಿಲ್ಲ. ರತ್ನಾಗಿರಿಯವನು ಮೂರನೆಯ ದಿನಕ್ಕೆ ಬಂದು, ಅಂಗಳದಲ್ಲಿಯೇ ಕೂತು ಅತ್ತು ಹೋದ. ಹನ್ನೆರಡು, ಹದಿಮೂರು ಎಲ್ಲ ಮುಗಿಯಿತು. ಮಾಸಿಕವೂ ಆದ ಮೇಲೆ ಒಂದು ಭಾನುವಾರ ನಾನು ವೈನಿಯ ಜೊತೆ ಇದ್ದಾಗ, ಹೆಗಲಿಗೆ ಚೀಲ ಹಾಕಿಕೊಂಡು ಈಶ್ವರ ಬಂದು ನಿಂತ. ಹಡಗಿನಿಂದ ಇಳಿದು ಊರಿಗೂ ಹೋಗದೆ ನೇರ ಬಂದಿದ್ದ. ಮೈ ತುಂಬಿಕೊಂಡಿದ್ದ. ಕ್ಯಾಪ್ಟನ್ನರ ಫೋಟೊಗೆ ಕೈಮುಗಿದು, ವೈನಿ ಕೊಟ್ಟ ಊಟ ಮಾಡಿ, ಕೈ ತೊಳೆದು ಬಂದು ಅವರ ಎದುರಿಗೆ ಕೂತ. ವೈನಿಗೆ ತೆಲುಗು ಮನೆಮಾತಿನಷ್ಟೇ ಸಲೀಸು.

'ಅಮ್ಮಾ, ಒಂದು ಮಾತು ಸಾರ್‌ಗೆ ಹೇಳಬೇಕು ಎಂದುಕೊಂಡಿದ್ದೆ. ಅವತ್ತು ಪರೀಕ್ಷೆಯಲ್ಲಿ ನಾನು ಬಾಗಿಲು ತೆಗೆಯಲಿಲ್ಲ. ನಿಯಮ ಎಂದು ಅಲ್ಲ. ಅವರು ಹೊರಗೇ ನಿಂತಿರಲಿ ಎಂದು ತೆಗೆಯ...' ಅವನು ಅತ್ತುಬಿಟ್ಟ.

ವೈನಿ ಅವನನ್ನು ಅಳಲು ಬಿಟ್ಟರು. ಆಮೇಲೆ ಹೇಳಿದರು.

'ಅವರಿಗೆ ಗೊತ್ತಿತ್ತಪ್ಪ. ಅವತ್ತು ಮನೆಗೆ ಬಂದವರು, ಆ ಹುಡುಗ ಇವತ್ತು ನನ್ನನ್ನು ಹೊರಗೆ ನಿಲ್ಲಿಸಿದ, ಒಳ್ಳೆಯದಾಯಿತು, ಯಾರಾದರೂ ಒಬ್ಬರು ನಿಲ್ಲಿಸಬೇಕಾಗಿತ್ತು ಎಂದರು. ಎಷ್ಟೋ ವರ್ಷಕ್ಕೆ ಅವತ್ತು ಹೊಟ್ಟೆ ತುಂಬ ಉಂಡರು.'

ಫ್ಯಾನಿನ ಗಾಳಿಗೆ ಫೋಟೊದ ಹಾರ ಅಲುಗುತ್ತಿತ್ತು. ವೈನಿ ಸೆರಗಿನಿಂದ ಮುಖ ಒರೆಸಿಕೊಂಡು ಕೇಳಿದರು.

'ನಿಮ್ಮ ಅಮ್ಮ ಹೇಗಿದ್ದಾರೆ?'

'ಇದ್ದಾರೆ.'

'ನಾನು ಒಮ್ಮೆ ಬಂದು ನೋಡಬೇಕು. ಇವರಿದ್ದಾಗ ಧೈರ್ಯ ಸಾಲಲಿಲ್ಲ. ಕೇಳಿ ನೋಡು. ಬೇಡ ಎಂದರೆ ಬೇಡ.'

ಅವನು ನಮ್ಮೆದುರಿಗೇ ಫೋನ್ ಹಚ್ಚಿದ. ಹೈದರಾಬಾದಿನಲ್ಲಿ ಕ್ಯಾಪ್ಟನ್ ಮನೆಯಲ್ಲಿದ್ದೇನೆ, ಅವರ ಹೆಂಡತಿ ಊರಿಗೆ ಬರಬೇಕೆನ್ನುತ್ತಿದ್ದಾರೆ ಎಂದ. ಆ ಕಡೆಯಿಂದ ಏನೂ ಕೇಳಲಿಲ್ಲ. ಫೋನ್ ಕಡಿದುಹೋಯಿತೆಂದು ಅವನು ಕಿವಿಯಿಂದ ತೆಗೆದು ನೋಡಿದ. ಕಡಿದಿರಲಿಲ್ಲ. ವೈನಿ ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಅವನ ಮುಖವನ್ನೇ ನೋಡುತ್ತಿದ್ದರು.

ಕೊನೆಗೆ ತಾಯಿ ಏನೋ ಅಂದರು. ಅವನು 'ಹೂಂ' ಎಂದು ಫೋನ್ ಇಟ್ಟ.

'ಏನಂದರು?' ಎಂದು ನಾನೇ ಕೇಳಿದೆ.

'ಅವರು ಮೀನು ತಿನ್ನೋದಿಲ್ಲ ಅಲ್ವಾ, ಬರೋ ದಿನ ಮೊದಲೇ ಹೇಳು, ಬೇರೆ ಪಾತ್ರೆ ತೊಳೆದಿಡ್ತೀನಿ ಅಂದಳು.'